ಎಳನೀರು ಕುಡಿದ ಎಂಜಿನ್

ಅರಸೀಕೆರೆ,
೧೨ ಮೇ ೨೦೨೫, ಸೋಮವಾರ

ಪ್ರೀತಿಯ ಮಾವಾ,

ಮಾವನಿಗೆ ಬರೆಯುವ ಕಾಗದವನ್ನು ಹೀಗೆ ಶುರು ಮಾಡಬಾರದಂತೆ. ‘ಪೂಜ್ಯ ಮಾವನವರ ಪಾದಗಳಿಗೆ’ ಎಂದು ಬರೆಯಬೇಕೆಂದು ಅತ್ತೆ ರೊಟ್ಟಿ ತಟ್ಟುತ್ತಲೇ ಹೇಳಿಕೊಟ್ಟರು. ಎರಡು ಹಾಳೆಯಲ್ಲಿ ಹಾಗೆಯೇ ಬರೆದು ನೋಡಿದೆ. ಪಾದಗಳಿಗೆ ಎಂದು ಬರೆದ ಮೇಲೆ ಪಿಸ್ಟನ್ನಿನ ವಿಷಯ ಬರೆಯಲು ಕೈಯೇ ಓಡಲಿಲ್ಲ. ಅದಕ್ಕೆ ಆ ಎರಡೂ ಹಾಳೆಗಳನ್ನು ಒಲೆಗೆ ಹಾಕಿ ನನಗೆ ಬಂದ ಹಾಗೆ ಶುರು ಮಾಡಿದ್ದೇನೆ. ಹೆಣ್ಣು ನೋಡಲು ಬಂದ ದಿನ ನೀವು “ಕನ್ನಡ ಬರೆಯಕ್ ಬರುತ್ತೇನಮ್ಮಾ, ಇಲ್ಲಾ ಬರೀ ಇಂಗ್ಲೀಷೋ?” ಎಂದು ಕೇಳಿದ್ದಿರಿ, ನಾನು ಧೈರ್ಯವಾಗಿ ಬರುತ್ತದೆ ಎಂದಿದ್ದೆ. ಆ ಮಾತನ್ನು ಉಳಿಸಿಕೊಳ್ಳಲು ಇವತ್ತು ಬೆಳಗಿನಿಂದ ಕೂತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನನ್ನನ್ನು ಬೈದುಕೊಳ್ಳಿ, ಓದಿಸಿದ ನಮ್ಮಪ್ಪನನ್ನು ಬೇಡ.

ಗಂಟಲು ಹೇಗಿದೆ? ನುಂಗುವಾಗ ಉರಿ ಕಡಿಮೆಯಾಗಿದೆಯೇ? ಆಪರೇಷನ್ ಆದ ಮೇಲೆ ಒಂದು ತಿಂಗಳು ಪಿಸುಮಾತೂ ಆಡಕೂಡದೆಂದು ಡಾಕ್ಟರು ಹೇಳಿದ್ದನ್ನು ನೀವು ಚೆನ್ನಾಗಿ ಪಾಲಿಸುತ್ತಿದ್ದೀರೆಂದೂ, ಏನು ಬೇಕಾದರೂ ಮೊಮ್ಮಗಳ ಸ್ಲೇಟಿನ ಮೇಲೆ ಬರೆದು ತೋರಿಸುತ್ತೀರೆಂದೂ ಅರುಣಾ ಅತ್ತಿಗೆ ಹೇಳಿದರು. ಮಗಳ ಮನೆಯ ಮೈಸೂರು ನೀರು ಒಗ್ಗಿದೆಯೇ? ಇಲ್ಲಿ ಸಂಜೆ ಏಳಾಯಿತೆಂದರೆ ನಮಗೆಲ್ಲ ಒಂದು ಹಬ್ಬ. ಅತ್ತೆ ನಿಮಗೆ ಫೋನು ಮಾಡುತ್ತಾರೆ, ನೀವು ಬೆರಳಿನಿಂದ ಫೋನಿನ ಬೆನ್ನಿಗೆ ತಟ್ಟುತ್ತೀರಿ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. “ಊಟ ಆಯ್ತೇನ್ರೀ?” ಟಕ್. “ಉಪ್ಪಿನಕಾಯಿ ಮುಟ್ಟಿದ್ರಾ?” ಟಕ್ ಟಕ್. “ಸುಳ್ ಹೇಳ್ಬೇಡಿ, ಅರುಣಾ ಹೇಳಿದ್ಲು.” ಆಮೇಲೆ ಎಷ್ಟು ಹೊತ್ತಾದರೂ ಸದ್ದೇ ಇಲ್ಲ. ನಾನು ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತೇನೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ಚೆನ್ನಾಗಿ ಮಾತು ಕೇಳುವ ಗಂಡ ಈಗ ಸಿಕ್ಕಿದ್ದಾರೆ ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಫೋನಿಟ್ಟ ಮೇಲೆ ಮಾತ್ರ ನಿಮ್ಮ ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸುತ್ತಾರೆ. ಇದನ್ನು ನಾನು ಬರೆದೆನೆಂದು ಹೇಳಬೇಡಿ, ಅಂದರೆ ಸ್ಲೇಟಿನ ಮೇಲೂ ಬರೆಯಬೇಡಿ.

ಒಂದು ವಿಷಯ ಕೇಳಬೇಕಿತ್ತು. ಟೆಂಪೊದ ಹಾರ್ನ್ ಕೆಟ್ಟು ನಾಲ್ಕು ವರ್ಷವಾದರೂ ನೀವು ಸರಿ ಮಾಡಿಸಲಿಲ್ಲವಂತೆ, “ನನ್ ಗಂಟ್ಲಿಲ್ವಾ?” ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿಕೊಂಡೇ ಬೇಲೂರಿನವರೆಗೂ ಓಡಿಸುತ್ತಿದ್ದಿರಂತೆ. ಈ ವಿಷಯ ಡಾಕ್ಟರಿಗೆ ಗೊತ್ತೇ? ಹಳೇಬೀಡಿನ ದೇವಸ್ಥಾನದ ಮುಂದೆ ಎಳನೀರು ಮಾರುವ ಕಮಲಾಕ್ಷಮ್ಮ ಮೊನ್ನೆ ಫೋನು ಮಾಡಿ, “ನಿಮ್ಮಾವನ ಗಂಟ್ಲು ಕೆರೆ ಏರಿ ಮ್ಯಾಲಿಂದ್ಲೇ ಕೇಳ್ತಿತ್ತು, ಈಗ ಬೇರೆಯೋರ ಕಾಯಿ ಹೇಳ್ದೆ ಕೇಳ್ದೆ ಬಂದು ಮುಂದೆ ಬಿದ್ದಿರ್ತವೆ” ಎಂದು ಬೇಜಾರು ಮಾಡಿಕೊಂಡರು.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ‘ಎಂಜಿನ್ ಮಾತು ಫೋನಿನಲ್ಲಿ ಬೇಡ. ಬಿಚ್ಚಿ ನೋಡಿದ್ದೇನು, ಸವೆತ ಎಷ್ಟು, ಯಾರು ಏನಂದರು, ಪೂರ್ತಿ ಬರೆದು ಕಳಿಸಿ’ ಎಂದು ನೀವು ಬರೆದ ಚೀಟಿಯ ಫೋಟೊವನ್ನು ಅತ್ತಿಗೆ ಕಳಿಸಿದಾಗ ಚೈತನ್ಯ ನನ್ನ ಮುಖ ನೋಡಿದರು. “ನೀನೇ ಬರಿ ಮಧು, ನಾನು ಬರೆದ್ರೆ ಎರಡು ಸಾಲಿಗೇ ಮುಗಿಸ್ಬಿಡ್ತೀನಿ” ಎಂದರು. ಇವರ ಹೆಸರು ಹಿಡಿದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ‘ಇವರು’ ಎಂದು ಬರೆದರೆ ಈ ಕಥೆಯಲ್ಲಿ ಯಾರು ಯಾವ ಇವರು ಎಂದು ನನಗೇ ಗೊತ್ತಾಗುವುದಿಲ್ಲ.

ನಿಮ್ಮ ಆಪರೇಷನ್ ಆದ ಮಾರನೇ ದಿನ ಡ್ರೈವರ್ ಉಮೇಶಣ್ಣ ಬಾಣಾವರದಿಂದ ಎಳನೀರಿನ ಲೋಡು ತರುತ್ತಿದ್ದಾಗ ರೈಲ್ವೆ ಗೇಟಿನ ಹತ್ತಿರ ಎಂಜಿನ್ ಕಾದು, ಹೊಗೆಯೆದ್ದು, ಒಂದು ಸಲ ಕೆಮ್ಮಿ ನಿಂತುಬಿಟ್ಟಿತು. ಇಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಈಗ ಬರೆಯುತ್ತೇನೆ. ಟ್ರಾಕ್ಟರಿಗೆ ಹಗ್ಗ ಕಟ್ಟಿ ಟೆಂಪೊವನ್ನು ಎಳೆಸಿಕೊಂಡು ಬಂದ ಸಂಜೆ ಚೈತನ್ಯ ನಮ್ಮ ಅಂಗಳದಲ್ಲಿಯೇ, ಆಳುಗಳ ಮುಂದೆ, “ನೀರು ನೋಡೋಕೂ ನಿಂಗೆ ದಿನಾ ಹೇಳ್ಬೇಕೇನಯ್ಯಾ?” ಎಂದು ಉಮೇಶಣ್ಣನ ಮೇಲೆ ರೇಗಿದರು. ಆಸ್ಪತ್ರೆಯ ಚಿಂತೆ, ನಿದ್ದೆಯಿಲ್ಲ, ಎಲ್ಲ ಸೇರಿತ್ತು. ಉಮೇಶಣ್ಣ, “ನಂದೇ ತಪ್ಪು ಬುಡಿ ಚೈತಣ್ಣ” ಎಂದರು. ಹಾಗಾದರೆ ನಾಳೆಯಿಂದ ಬರಬೇಡ ಎಂದು ಚೈತನ್ಯ ಹೇಳಿಯೇಬಿಟ್ಟರು. ಇಪ್ಪತ್ತು ವರ್ಷದಿಂದ ಜೇಬಿನಲ್ಲಿದ್ದ ಕೀಲಿಕೈಯನ್ನು ಉಮೇಶಣ್ಣ ಅತ್ತೆಯ ಕೈಗೆ ಕೊಡಲಿಲ್ಲ, ತುಳಸಿಕಟ್ಟೆಯ ಮೇಲಿಟ್ಟು ಹೋದರು. ಹೋಗುವಾಗ ನನ್ನನ್ನು ಒಂದು ಸಲ ನೋಡಿ ಬೇರೆ ಕಡೆಗೆ ತಿರುಗಿಕೊಂಡರು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ನಿಮಗೆ ಇದನ್ನು ಯಾರೂ ಹೇಳಿಲ್ಲ. ಗಂಟಲಿಗೆ ಆಯಾಸವಾಗುತ್ತದೆ ಎಂದು ಎಲ್ಲರೂ ನೆವ ಹೇಳಿಕೊಂಡೆವು.

ಆಮೇಲೆ ಮನೆಯಲ್ಲಿ ಮೂವರದು ಮೂರು ಮಾತು. ರೆಡಿಮಾಡಿದ ಹಳೆ ಎಂಜಿನ್ ಒಂದನ್ನು ಬೆಂಗಳೂರಿನಿಂದ ತರಿಸಿ ಕೂರಿಸಿಬಿಡೋಣ, ಮೂರು ದಿನದಲ್ಲಿ ಗಾಡಿ ರಸ್ತೆಗೆ ಬರುತ್ತದೆ, ಬೇಸಗೆ ಮುಗಿಯುವುದರೊಳಗೆ ಬೇಲೂರು ಹಳೇಬೀಡಿನ ಅಂಗಡಿಗಳು ಕೈತಪ್ಪುವುದಿಲ್ಲ ಎಂದು ಚೈತನ್ಯ. ಗುಜರಿಗೆ ಹಾಕಿ ಕೈ ತೊಳೆದುಕೊಳ್ಳೋಣ, ಗಾಡಿ ಇಲ್ಲದಿದ್ದರೆ ನೀವು ಮನೆಯಲ್ಲಿರುತ್ತೀರಿ ಎಂದು ಅತ್ತೆ. ನಾನು, ಹೇಳಲು ನಾಚಿಕೆಯಾಗುತ್ತದೆ, ಹೊಸ ಟೆಂಪೊ ಕೊಳ್ಳೋಣವೆಂದೆ. ಬಣ್ಣವನ್ನೂ ಆರಿಸಿ ಇಟ್ಟಿದ್ದೆ, ನವಿಲಿನ ಕೊರಳಿನ ನೀಲಿ. ನಾನು ಈ ಮನೆಗೆ ಬಂದಾಗ ನನ್ನ ಬೀರು, ಮಂಚ, ಪುಸ್ತಕದ ಪೆಟ್ಟಿಗೆ ಎಲ್ಲ ದಾವಣಗೆರೆಯಿಂದ ಬಂದದ್ದು ಇದೇ ಹಳೆ ಟೆಂಪೊದಲ್ಲಿ, ಮದುವೆಯ ಚೆಂಡುಹೂವಿನ ಹಾರ ಕಟ್ಟಿಸಿಕೊಂಡು ಎಂಬುದನ್ನು ಎಷ್ಟು ಬೇಗ ಮರೆತಿದ್ದೆ ನೋಡಿ.

ಯಾವುದಕ್ಕೂ ಬಿಚ್ಚಿ ನೋಡದೆ ತೀರ್ಮಾನ ಬೇಡವೆಂದು ಮೆಕ್ಯಾನಿಕ್ ಸ್ವಾಮಿಯವರು ಹೇಳಿದರು. ಅವರ ಶೆಡ್ಡಿಗೆ ನಾನೂ ಹೋದೆ, ನೀವು ಪೂರ್ತಿ ಬರೆಯಿರಿ ಎಂದಿದ್ದಿರಲ್ಲ. ಸರಪಳಿ ಹಾಕಿ ಎಂಜಿನ್ ಇಳಿಸಿ, ಹೆಡ್ ಎಂಬ ಮೇಲಿನ ಮುಚ್ಚಳ ಬಿಚ್ಚಿ, ನಾಲ್ಕೂ ಪಿಸ್ಟನ್ ಹೊರಗೆ ತೆಗೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರು. ನನ್ನ ಕೈ ಹಿಡಿಯದೆ, ಆದರೆ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ, “ಉಗುರು ಹಾಕಿ ಕೆಳಗಿಂದ ಮ್ಯಾಲಕ್ಕೆ ಎಳೀರಿ ತಾಯಿ” ಎಂದರು. ಪಿಸ್ಟನ್ ಓಡಾಡುವ ಆ ಕೊಳವೆಯ ಒಳಗೋಡೆ ಕನ್ನಡಿಯ ಹಾಗೆ ನುಣ್ಣಗಿತ್ತು, ಮೇಲಂಚಿನ ಹತ್ತಿರ ಮಾತ್ರ ಉಗುರು ಟಕ್ಕೆಂದು ತಡೆಯಿತು. ಪಿಸ್ಟನ್ನು ಮುಟ್ಟದ ಆ ಅಂಚು ಹಾಗೆಯೇ ಉಳಿದು, ಮುಟ್ಟಿದ ಜಾಗವೆಲ್ಲ ಅಷ್ಟು ಸವೆದಿದೆ ಎಂದು ಅರ್ಥವಂತೆ. ಎರಡು ಮತ್ತು ಮೂರನೆಯದರಲ್ಲಿ ಸವೆತ ಹೆಚ್ಚು. ಆಯಿಲ್ ಕುಡಿಯುತ್ತಿದ್ದದ್ದೂ ನೀಲಿ ಹೊಗೆ ಬರುತ್ತಿದ್ದದ್ದೂ ಅದಕ್ಕೇ. ಹನ್ನೊಂದು ವರ್ಷದ ಹಿಂದೆ ನೀವು ಒಂದು ಸಲ ಬೋರ್ ಹೊಡೆಸಿ ಈ ಕೊಳವೆಗಳನ್ನು ಅಗಲ ಮಾಡಿಸಿದ್ದೀರಿ, ಇನ್ನೊಂದು ಸಲಕ್ಕೆ ಜಾಗವಿದೆ, ಆಮೇಲಿಲ್ಲ. ಬಾನೆಟ್ಟಿನ ಒಳಮೈಯಲ್ಲಿ ನೀವು ಬಿಳಿ ಬಣ್ಣದಿಂದ ಬರೆದ ಆಯಿಲ್ ಬದಲಾಯಿಸಿದ ತಾರೀಕುಗಳನ್ನೆಲ್ಲ ಓದಿದೆ. ಒಂದೂ ತಪ್ಪಿಲ್ಲ, ಈ ಫೆಬ್ರವರಿಯದೊಂದು ಬಿಟ್ಟು. ಫೆಬ್ರವರಿಯಲ್ಲಿ ನಮ್ಮ ಮದುವೆ.

ಆಮೇಲೆ ಸ್ವಾಮಿಯವರು ರೇಡಿಯೇಟರ್ ಬಿಚ್ಚಿ ಬೋರಲು ಹಾಕಿ ಕುಟ್ಟಿದರು. ಒಳಗಿನಿಂದ ಕಂದು ಬಣ್ಣದ, ಅಂಟಂಟಾದ, ಸುಟ್ಟ ವಾಸನೆಯ ಚೂರುಗಳು ಉದುರಿದವು. ಬೆರಳಲ್ಲಿ ತೀಡಿ ಮೂಸಿ ನೋಡಿ, “ಯಾವನೋ ಇದಕ್ಕೆ ಪಾಯಸ ಹುಯ್ದವ್ನೆ ಕಣ್ರೀ. ನೀರಿನ ದಾರಿ ಎಲ್ಲಾ ಕಟ್ಟೋಗೈತೆ. ಸವೆದ ಎಂಜಿನ್ನು, ಇನ್ನೊಂದೆರಡು ವರ್ಷ ಹೆಂಗೋ ಎಳೀತಿತ್ತು, ಇದೇ ಕಟ್ಟಿ ಹಾಕ್ತು” ಎಂದರು. ಚೈತನ್ಯ, “ಆ ಉಮೇಶ ಯಾವ್ ಕೆರೆ ನೀರು ತುಂಬಿದ್ನೋ” ಎಂದರು. ಮಾವಾ, ನಾನು ಅಲ್ಲಿದ್ದ ಹಳೆ ಟೈರಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ತಿರುಗಿತೆಂದು ಹೇಳಿ ಮನೆಗೆ ಬಂದೆ. ಬಿಸಿಲಿಗಲ್ಲ.

ಮಾರ್ಚ್ ಕೊನೆಯ ಭಾನುವಾರ ನೆನಪಿದೆಯೇ? ಬೇಲೂರು ಹಳೇಬೀಡನ್ನು ಸ್ಕೂಲಿನ ಟ್ರಿಪ್ಪಿನಲ್ಲಿ ಸಾಲಾಗಿ ನಿಂತು ನೋಡಿದ್ದು ಬಿಟ್ಟರೆ ನಾನು ನೋಡಿರಲಿಲ್ಲ. ಕಾರು ಬೇಡ, ಎಳನೀರಿನ ಲೋಡಿನ ಜೊತೆ ಟೆಂಪೊದ ಮುಂದುಗಡೆ ಕೂತೇ ಹೋಗಬೇಕೆಂದು ಹಠ ಮಾಡಿದೆ. ನೀವೇ, “ಹೋಗ್ಲಿ ಬಿಡೋ, ಆಸೆ ಪಡ್ತೈತೆ ಮಗು” ಎಂದು ಚೈತನ್ಯಗೆ ಹೇಳಿ ಕಳಿಸಿದಿರಿ. ಜಾವಗಲ್ಲಿನಲ್ಲಿ ಟೀಗೆ ನಿಲ್ಲಿಸಿದಾಗ ಫೋಟೊ ಚೆನ್ನಾಗಿ ಬರಲೆಂದು ಸೀಟಿನ ಹಿಂದಿನ ಕ್ಯಾನಿನ ನೀರನ್ನೆಲ್ಲ ಸುರಿದು ಮುಂದಿನ ಗಾಜು ತೊಳೆದೆ. ಆ ಕ್ಯಾನು ಯಾತಕ್ಕೆ ಅಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಮೈಲಿ ಹೋಗಿಲ್ಲ, ನೀರಿನ ಪೈಪಿನ ಕ್ಲಿಪ್ಪು ಸಡಿಲವಾಗಿ ರೇಡಿಯೇಟರಿನಿಂದ ಹಬೆ ಎದ್ದಿತು. ಉಮೇಶಣ್ಣ ಗಾಡಿಯನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ಆರಲೆಂದು ಬಹಳ ಹೊತ್ತು ಕಾದು, ಗೋಣಿ ಸುತ್ತಿ ಮುಚ್ಚಳ ತೆಗೆದು, ಕ್ಲಿಪ್ಪು ಬಿಗಿ ಮಾಡಿ, ಕ್ಯಾನು ಎತ್ತಿದರೆ ಬರಿದು. ಖಾಲಿ ಕ್ಯಾನು ಹಿಡಿದು ದೂರದ ಪಂಪ್‌ಹೌಸಿನ ಕಡೆ ನಡೆದರು. ಜೊತೆಗೆ ಚೈತನ್ಯ ಹೋದರು.

ನಾನೊಬ್ಬಳು, ಹಿಂದೆ ನಾನೂರು ಎಳನೀರು. ಮದುವೆಯಾದ ಮೊದಲ ತಿಂಗಳು ನನಗೆ ಜ್ವರ ಬಂದಾಗ ಅತ್ತೆ ಮೂರು ಹೊತ್ತೂ ಎಳನೀರನ್ನೇ ಕುಡಿಸಿದ್ದರು. ಈ ಮನೆಯಲ್ಲಿ ಹೊಟ್ಟೆ ನೋವಿಗೆ ಎಳನೀರು, ಉರಿಗೆ ಎಳನೀರು, ಸುಸ್ತಿಗೆ ಎಳನೀರು, ನೆಂಟರು ಬಂದರೆ ಎಳನೀರು. ಅಷ್ಟು ಕಾದು ನಿಂತ ಗಾಡಿಗೆ ಅದಕ್ಕಿಂತ ತಂಪಾದದ್ದು ಇನ್ನೇನಿದೆ ಎಂದುಕೊಂಡೆ. ದಾವಣಗೆರೆಯಲ್ಲಿ ಸ್ಟ್ರಾ ಹಾಕಿ ಕುಡಿದವಳು ನಾನು, ಮಚ್ಚು ಹಿಡಿದವಳಲ್ಲ. ಮೊದಲಿನ ಮೂರು ಕಾಯಿ ಹಾಳಾದವು. ಆಮೇಲೆ ಕೈ ಕೂತಿತು. ಹತ್ತು ಕಾಯಿಯ ನೀರು, ಗಂಜಿಯಂಥ ಎಳೆ ತಿರುಳಿನ ಸಮೇತ, ಒಂದು ಹನಿ ಹೊರಗೆ ಚೆಲ್ಲದೆ ರೇಡಿಯೇಟರಿನ ಬಾಯಿಗೆ ಸುರಿದೆ. ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ. ಚೈತನ್ಯ ಯಾರದೋ ಫೋನಿನಲ್ಲಿ ಹಿಂದೆ ಉಳಿದಿದ್ದರು, ಉಮೇಶಣ್ಣ ಮೊದಲು ಬಂದರು. ಮುಂದಿನ ಚಕ್ರದ ಹತ್ತಿರ ಬಿದ್ದಿದ್ದ ಬುರುಡೆಗಳನ್ನು ನೋಡಿ, “ಇಷ್ಟೊಂದ್ ಯಾರ್ ಕುಡುದ್ರು ಅಕ್ಕಾವ್ರೇ?” ಎಂದು ಕೇಳಿದರು. “ಗಾಡಿ” ಎಂದೆ. ಅವರು ಕ್ಯಾನು ಕೆಳಗಿಟ್ಟು, ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಬುರುಡೆಗಳನ್ನೆಲ್ಲ ಕಾಲಲ್ಲಿ ಚರಂಡಿಗೆ ತಳ್ಳಿ, “ಚೈತಣ್ಣಂಗೆ ಹೇಳ್ಬ್ಯಾಡಿ, ಹೊಸ್ದಾಗಿ ಬಂದಿದ್ದೀರಿ, ಸುಮ್ನೆ ನಗ್ತಾರೆ. ಬೇಲೂರಾಗೆ ನೀರು ಬದಲಾಯಿಸ್ತೀನಿ, ಏನೂ ಆಗಕಿಲ್ಲ” ಎಂದರು. ನಾವು ದೇವಸ್ಥಾನ ನೋಡಿಕೊಂಡು ಬರುವಷ್ಟರಲ್ಲಿ ಎರಡು ಸಲ ನೀರು ಚೆಲ್ಲಿ ತುಂಬಿಸಿದ್ದರು. ಆದರೆ ಗಂಜಿ ಒಳಗೆ ಹೋಗಿ ಕೂತಿತ್ತು. ಆ ದಿನದ ಫೋಟೊಗಳಲ್ಲಿ ಗಾಜು ಬಹಳ ಚೆನ್ನಾಗಿ ಹೊಳೆಯುತ್ತಿದೆ.

ನನ್ನ ತಪ್ಪು ಗೊತ್ತಾದ ಮೇಲೂ ಎರಡು ದಿನ ಬಾಯಿ ಬಿಡಲಿಲ್ಲ, ಮಾವಾ. ಎಳನೀರಿಗಿಂತ ಇದೇ ದೊಡ್ಡ ತಪ್ಪು. ಮದುವೆಯಾಗಿ ಮೂರು ತಿಂಗಳು, ಈ ಮನೆಯವರೆಲ್ಲ ನಾನು ನಕ್ಕರೆ ನಗುತ್ತಾರೆ, ನಾನು ಹಾಡಿದರೆ ಅಡುಗೆಮನೆಯಿಂದ ಅತ್ತೆ ತಾಳ ಹಾಕುತ್ತಾರೆ. ಇಷ್ಟು ಪ್ರೀತಿ ಕಳೆದುಕೊಳ್ಳುವ ಭಯವಾಯಿತು. ಉಮೇಶಣ್ಣ ತಾನಾಗಿಯೇ ಒಪ್ಪಿಕೊಂಡಿದ್ದಾರಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ ನೋಡಿದೆ. ಮನಸ್ಸು ಕೇಳಲಿಲ್ಲ.

ಆ ಎರಡನೆಯ ದಿನವೇ ಬೆಂಗಳೂರಿನ ಎಂಜಿನ್ ವ್ಯಾಪಾರಿ ವಿಡಿಯೊ ಕಾಲ್ ಮಾಡಿ, ಬಣ್ಣ ಬಳಿದು ಮಿರಮಿರ ಮಿಂಚುವ ಎಂಜಿನ್ ಒಂದನ್ನು ತೋರಿಸಿದ. ಚೈತನ್ಯಗೆ ಬಹಳ ಹಿಡಿಸಿತು. ನಾನು ಮಧ್ಯೆ ಬಾಯಿ ಹಾಕಿ, “ಇದು ಯಾವ ಗಾಡೀದು? ಯಾರು ಓಡಿಸ್ತಿದ್ರು? ಯಾಕೆ ನಿಲ್ತು?” ಎಂದು ಕೇಳಿದೆ. ಆತ ನಕ್ಕು, “ಅದೆಲ್ಲಾ ಯಾರ್ ಕೇಳ್ತಾರೆ ಮೇಡಂ, ಸ್ಟಾರ್ಟ್ ಆಗುತ್ತಲ್ಲಾ” ಎಂದ. ಆಗ ನನಗೆ ಬೆಳಕು ಹರಿದ ಹಾಗಾಯಿತು. ಆ ಎಂಜಿನ್ನಿಗೆ ಯಾವ ಊರಿನ ಯಾವ ಹುಚ್ಚಿ ಏನು ಸುರಿದಿದ್ದಳೋ ಯಾರಿಗೆ ಗೊತ್ತು? ನಮ್ಮದಕ್ಕೆ ಏನಾಗಿದೆಯೆಂದು ಪೂರ್ತಿ ಗೊತ್ತು. ಯಾವತ್ತು ಆಯಿಲ್ ಬದಲಾಯಿಸಿದ್ದು, ಯಾವತ್ತು ಬೋರ್ ಹೊಡೆಸಿದ್ದು, ಯಾವತ್ತು ಎಳನೀರು ಕುಡಿದದ್ದು. ಕೊನೆಯದು ನನಗೂ ಉಮೇಶಣ್ಣನಿಗೂ ಮಾತ್ರ ಗೊತ್ತಿತ್ತು, ಅಷ್ಟೇ.

ಮಾರನೇ ದಿನ ಅತ್ತೆಯನ್ನೂ ಕರೆದುಕೊಂಡು ಶೆಡ್ಡಿಗೆ ಹೋದೆವು. ಪಿಸ್ಟನ್ ಕೊಳವೆಗಳಿರುವ ಬ್ಲಾಕಿನಲ್ಲಿ ಬಿರುಕು ಇದ್ದರೆ ರಿಪೇರಿಯ ಮಾತೇ ಇಲ್ಲ, ಬೇರೆ ಎಂಜಿನ್ನೇ ಗತಿ, ಅದನ್ನೊಂದು ನೋಡಿಬಿಡೋಣ ಎಂದು ಸ್ವಾಮಿಯವರು ಹೇಳಿದ್ದರು. ಬಿರುಕು ನೋಡುವ ರೀತಿ ನಿಮಗೆ ಗೊತ್ತಿರಬಹುದು, ನಾನು ಮೊದಲ ಸಲ ನೋಡಿದೆ. ಸೀಮೆಎಣ್ಣೆ ಬಳಿದು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿಯ ಮೇಲೆ ಕರಿ ಗೆರೆ ಮೂಡುತ್ತದೆ. ಶೆಡ್ಡಿನಲ್ಲಿ ಸೀಮೆಸುಣ್ಣ ಮುಗಿದಿತ್ತು. ಸ್ವಾಮಿಯವರು ತಲೆ ಕೆರೆದುಕೊಳ್ಳುತ್ತಾ, “ಅಮ್ಮಾವ್ರೇ, ಕೋಪ ಮಾಡ್ಕಬ್ಯಾಡಿ, ನಿಮ್ ಹತ್ರ ವಿಭೂತಿ ಐತಾ?” ಎಂದರು. ಅತ್ತೆ ಸಿಟ್ಟಾಗುತ್ತಾರೆಂದೇ ಚೈತನ್ಯ ಒಂದು ಹೆಜ್ಜೆ ಹಿಂದೆ ಸರಿದರು. ಅತ್ತೆ ಮಾತ್ರ ಸೊಂಟದ ಚೀಲದಿಂದ ವಿಭೂತಿಗಟ್ಟಿ ತೆಗೆದು ಅಂಗೈಯಲ್ಲಿ ಪುಡಿ ಮಾಡಿಕೊಂಡು, “ಆಯುಧಪೂಜೆಗೆ ಪ್ರತೀ ವರ್ಷ ಇದಕ್ಕೆ ಮೂರು ಪಟ್ಟೆ ಎಳೆಯೋಳು ನಾನೇ. ಸರ್ಕೊಳಪ್ಪ” ಎಂದು ತಾವೇ ಬಗ್ಗಿ ಬಳಿದರು.

ಎಲ್ಲರೂ ಬಗ್ಗಿ ನೋಡುತ್ತಾ ನಿಂತೆವು. ಹೆಡ್ಡಿನ ಮೇಲೆ, ಮೂರನೆಯ ಪಿಸ್ಟನ್ನಿನ ಜಾಗದಲ್ಲಿ, ಎರಡು ವಾಲ್ವಿನ ನಡುವೆ ಸಣ್ಣ ಕರಿ ಗೆರೆ ಮೂಡಿತು. ಹೆಡ್ ಹೋಯಿತು, ಅದನ್ನು ಬದಲಾಯಿಸಲೇಬೇಕು. ಬ್ಲಾಕಿನ ಮೇಲೆ ಹತ್ತು ನಿಮಿಷ ಕಾದೆವು, ಹದಿನೈದು ನಿಮಿಷ ಕಾದೆವು. ಬೆಳ್ಳಗೇ ಇತ್ತು. ಸ್ವಾಮಿಯವರು ಟಾರ್ಚು ಹಾಕಿ ಮೂಲೆ ಮೂಲೆ ನೋಡಿ, “ಗಟ್ಟಿ ಐತೆ, ಇನ್ನೂ ಹತ್ತು ವರ್ಷಕ್ಕೆ ಮೋಸ ಇಲ್ಲ” ಎಂದರು. ಗುಜರಿಗೆ ಹಾಕಿ ಎಂದಿದ್ದ ಅತ್ತೆಯೇ, “ಗಟ್ಟಿ ಇರೋದನ್ನ ಹೆಂಗಪ್ಪಾ ಮಾರೋದು” ಎಂದರು. ಹಾಗೆ ಹೇಳಿ, ಮಗನ ಕಡೆ ತಿರುಗಿ, “ಇಪ್ಪತ್ತು ವರ್ಷದಾಗೆ ಒಂದಿನಾನೂ ನೀರು ನೋಡ್ದೆ ಗಾಡಿ ತೆಗ್ದವನಲ್ಲ ಉಮೇಶ. ಅವತ್ತೇನಾಯ್ತೋ ಅವನಿಗೆ” ಎಂದರು.

ನಾನು ಹೇಳಿದೆ. ಕ್ಯಾನು, ಗಾಜು, ಮಚ್ಚು, ಹತ್ತು ಕಾಯಿ, ಬುರುಡೆ, ಎರಡು ದಿನ ಸುಮ್ಮನಿದ್ದದ್ದು, ಎಲ್ಲವನ್ನೂ. ಸ್ವಾಮಿಯವರ ಕೈಯಿಂದ ಸ್ಪ್ಯಾನರ್ ಜಾರಿಬಿತ್ತು. “ಪಾಯಸ ಹುಯ್ದೋರು ಇವ್ರೇನಾ” ಎಂದು ಶೆಡ್ಡಿನ ಹಿಂದಕ್ಕೆ ಹೋಗಿ ಒಬ್ಬರೇ ನಕ್ಕು ಬಂದರು. ಅತ್ತೆ ನಗಲಿಲ್ಲ, ಬೈಯಲಿಲ್ಲ. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ನನ್ನ ಹಣೆಗೆ ಎಳೆದು, “ನೋಡಪ್ಪ ಸ್ವಾಮಿ, ಇದ್ರಾಗೂ ಬಿರುಕು ಐತೇನೋ” ಎಂದರು. ಆಗ ನಾನು ಅತ್ತುಬಿಟ್ಟೆ. ಬಹಳ ಅತ್ತೆ. ಚೈತನ್ಯ ನನ್ನೊಡನೆ ಒಂದೂವರೆ ದಿನ ಮಾತಾಡಲಿಲ್ಲ. ಎಳನೀರಿಗಲ್ಲವಂತೆ. ಉಮೇಶಣ್ಣನ ಮೇಲೆ ಅಂಗಳದಲ್ಲಿ ಹಾಗೆ ಕೂಗಾಡಿದ್ದು ತಾನು, ಅವರ ತಪ್ಪಲ್ಲವೆಂದು ಗೊತ್ತಾದ ಮೇಲೂ ನಾನು ಎರಡು ದಿನ ಬಚ್ಚಿಟ್ಟೆ ಎಂದು. ಕೊನೆಗೆ ನಿನ್ನೆ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, “ನಡಿ, ಬಾಣಾವರಕ್ಕೆ ಹೋಗಿ ಬರೋಣ” ಎಂದರು.

ಆದ್ದರಿಂದ ನಮ್ಮ ತೀರ್ಮಾನ ಹೀಗಿದೆ, ಮಾವಾ. ಬೇರೆ ಎಂಜಿನ್ ಬೇಡ, ಹೊಸ ಗಾಡಿಯೂ ಬೇಡ. ನಮ್ಮ ಎಂಜಿನ್ನನ್ನೇ ಕಟ್ಟಿಸುತ್ತೇವೆ. ಗುರುವಾರ ಬ್ಲಾಕನ್ನು ಹಾಸನದ ಲೇತ್ ಅಂಗಡಿಗೆ ಕೊಟ್ಟು ಬೋರ್ ಹೊಡೆಸುವುದು, ಹೊಸ ಪಿಸ್ಟನ್ನು, ಹೊಸ ಹೆಡ್ಡು, ಹೊಸ ರೇಡಿಯೇಟರು. ಮೂರು ವಾರ ಬೇಕು. ಅಷ್ಟು ದಿನ ಬಾಡಿಗೆ ಗಾಡಿಯಲ್ಲಿ ಕಮಲಾಕ್ಷಮ್ಮನವರಿಗೂ ಬೇಲೂರಿನವರಿಗೂ ಕಾಯಿ ತಲುಪಿಸುವುದೆಂದು ಚೈತನ್ಯ ಒಪ್ಪಿದ್ದಾರೆ. ಅತ್ತೆಯದು ಒಂದೇ ಷರತ್ತು: ಹಾರ್ನ್ ಹಾಕಿಸಬೇಕು, ಅದೂ ಲಾರಿಯದು. ಸ್ವಾಮಿಯವರದು ಇನ್ನೊಂದು ಷರತ್ತು. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರು ಅವಸರ ಮಾಡದೆ, ಭಾರ ಹೇರದೆ, ದಿಣ್ಣೆಯಲ್ಲಿ ಒದ್ದಾಡಿಸದೆ ಓಡಿಸುವ ಕೈ ಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರುಪಾಲು. “ಅಂಥ ಕೈ ಅರಸೀಕೆರೆಯಾಗೆ ಎರಡೇ ಇರೋದು. ಒಂದು ಮೈಸೂರಲ್ಲೈತೆ, ಇನ್ನೊಂದನ್ನ ನೀವು ಓಡ್ಸಿದ್ದೀರಿ” ಎಂದರು.

ನಿನ್ನೆ ಬಾಣಾವರದಲ್ಲಿ ಉಮೇಶಣ್ಣನ ಮನೆಗೆ ಹೋಗಿದ್ದೆವು. ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಚೈತನ್ಯ ಜಗಲಿಯ ಮೇಲೆ ಕೂರದೆ ನಿಂತೇ, “ತಪ್ಪಾಯ್ತು ಉಮೇಶಣ್ಣ” ಎಂದರು. ಚೈತನ್ಯ ಅವರನ್ನು ಅಣ್ಣ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ಕೇಳಿಕೊಂಡೆ. ಉಮೇಶಣ್ಣ ನನ್ನ ಕಡೆ ನೋಡಿ, “ನೀವ್ಯಾಕ್ ಹೇಳಕ್ ಹೋದ್ರಿ ಅಕ್ಕಾವ್ರೇ, ಮುಗ್ದೋಗಿತ್ತಲ್ಲ” ಎಂದರು. ಬರುತ್ತೇನೆ ಎನ್ನಲಿಲ್ಲ.

ಲೇತಿಗೆ ಕೊಡುವ ಮೊದಲು ನಿಮ್ಮ ಒಪ್ಪಿಗೆ ಬೇಕು. ಬುಧವಾರ ಸಂಜೆ ಏಳಕ್ಕೆ ಅತ್ತೆ ಕೇಳುತ್ತಾರೆ, ನಾನು ಪಕ್ಕದಲ್ಲಿಯೇ ಇರುತ್ತೇನೆ, ಬಾಗಿಲ ಸಂದಿಯಲ್ಲಲ್ಲ. ನನ್ನ ಮೇಲಿನ ಸಿಟ್ಟನ್ನು ಸ್ಲೇಟಿನ ಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಿರಿ, ಅತ್ತಿಗೆಗೆ ಹೇಳಿ ಫೋಟೊ ಕಳಿಸಿ, ಅದನ್ನು ಇಟ್ಟುಕೊಳ್ಳುತ್ತೇನೆ. ಎಂಜಿನ್ನಿನ ವಿಷಯದಲ್ಲಿ ಮಾತ್ರ ನಾನು ಹಿಂದೆ ಸರಿಯುವುದಿಲ್ಲ. ಕೆಡಿಸಿದವಳು ನಾನು, ಅದು ಮತ್ತೆ ಬೇಲೂರಿನ ರಸ್ತೆ ಹತ್ತುವವರೆಗೂ ಆ ಶೆಡ್ಡಿನ ಟೈರಿನ ಮೇಲೆ ಕೂತಿರುವವಳೂ ನಾನೇ.

ಅತ್ತಿಗೆಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಒಂದು ಮುತ್ತು, ಸ್ಲೇಟಿನ ಬಾಡಿಗೆಯೆಂದು. ಉಪ್ಪಿನಕಾಯಿ ಮುಟ್ಟಬೇಡಿ. ಇಲ್ಲಿಂದಲೇ ಕೈಮುಗಿಯುತ್ತೇನೆ, ಶರಣು.

ನಿಮ್ಮ ಸೊಸೆ,
ಮಧುಶ್ರೀ

ಮರೆತ ಮಾತು: ಚೈತನ್ಯ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾರೆ, ಪೋಸ್ಟಾಫೀಸು ಮುಚ್ಚುತ್ತದಂತೆ. ಮರೆತದ್ದಲ್ಲ, ಕಾಗದ ಪೂರ್ತಿ ಓದಿದ ಮೇಲೆಯೇ ನಿಮಗೆ ತಿಳಿಯಲೆಂದು ಕೊನೆಗೆ ಇಟ್ಟೆ. ನಾವು ಹೊರಡುವಾಗ ಉಮೇಶಣ್ಣ ಹೇಳಿದ್ದು ಇಷ್ಟು: “ಬರಾಕಿಲ್ಲ ಅನ್ನಲ್ಲ ಅಕ್ಕಾವ್ರೇ. ಆದ್ರೆ ನನ್ನ ಆ ಗಾಡಿಗೆ ಹತ್ಸಿದ್ದು ಯಜಮಾನ್ರು. ಬಾ ಅಂತ ಅವ್ರೇ ಕರೀಬೇಕು. ಅವ್ರ ಗಂಟ್ಲು ಸರಿಯಾಗ್ಲಿ ಬುಡಿ.” ಆದರೆ ಅವರ ಹೆಂಡತಿ ಬಾಗಿಲವರೆಗೂ ಬಂದು ಮೆಲ್ಲಗೆ ಹೇಳಿದರು, ಶುಕ್ರವಾರ ಅವರು ಬಿಕ್ಕೋಡಿನ ಎಸ್ಟೇಟೊಂದರ ಜೀಪು ಓಡಿಸಲು ಹೊರಟಿದ್ದಾರೆ, ಮಾತು ಕೊಟ್ಟಾಗಿದೆ. ನಿಮ್ಮ ಗಂಟಲು ಸರಿಯಾಗುವವರೆಗೆ ಕಾದರೆ ಅವರು ಸಿಗುವುದಿಲ್ಲ. ಬುಧವಾರ ಕಾಗದ ಕೈಗೆ ಬಂದ ತಕ್ಷಣ, ಅತ್ತೆಯ ಫೋನಿಗೂ ಮೊದಲು, ನೀವೇ ಅವರಿಗೆ ಫೋನು ಮಾಡಿ. ನಂಬರನ್ನು ಲಕೋಟೆಯ ಒಳಗಡೆ ದೊಡ್ಡದಾಗಿ ಬರೆದಿದ್ದೇನೆ. ಒಂದು ಮಾತೂ ಆಡಬೇಡಿ, ಡಾಕ್ಟರು ಹೇಳಿದ್ದಾರೆ. ಮತ್ತೆ ಒಳಗೆ ಹೋಗಿ ತಟ್ಟುವುದರ ಅರ್ಥವನ್ನು ಉಮೇಶಣ್ಣನಿಗೆ ಹೇಳಿಕೊಟ್ಟು ಬಂದಿದ್ದೇನೆ. ಅವರು “ಯಜಮಾನ್ರೇ, ಬರ್ಲಾ?” ಎಂದು ಕೇಳುತ್ತಾರೆ. ಒಂದೇ ಸಲ, ಮಾವಾ. ಕೆರೆ ಏರಿಯ ಮೇಲಿಂದ ಕೇಳುವ ಹಾಗೆ ತಟ್ಟಿ.